355ರಿಂದ 118 ನ್ಯಾನೊಮೀಟರಿಗೆ: ಕಾಫಿಯ ಊರಿನಲ್ಲಿ ನಿರ್ವಾತ ಅತಿನೇರಳೆ ಬೆಳಕು

ಕಾಫಿ ಹುರಿಯುವಾಗ ಏಳುವ ಆವಿಯಲ್ಲಿ ನೀರು, ಸಾರಜನಕ, ಇಂಗಾಲದ ಡೈಆಕ್ಸೈಡೇ ಹೆಚ್ಚು. ಘಮದ ಅಣುಗಳಾದ ಫರ್ಫುರಾಲ್, ಪಿರಿಡಿನ್‌ಗಳು ಅದರೊಳಗೆ ಚೂರುಪಾರು. 118.2 ನ್ಯಾನೊಮೀಟರ್ ಬೆಳಕಿನ ಒಂದು ಫೋಟಾನ್‌ಗೆ 10.49 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಇರುತ್ತದೆ. ಫರ್ಫುರಾಲ್, ಪಿರಿಡಿನ್‌ಗಳನ್ನು ಅಯಾನು ಮಾಡಲು (ಎಲೆಕ್ಟ್ರಾನ್ ಕಿತ್ತು ವಿದ್ಯುದಾವೇಶ ಕೊಡಲು) ಸುಮಾರು 9.2 ಸಾಕು, ನೀರಿಗೆ 12.6, ಸಾರಜನಕಕ್ಕೆ 15.6 ಬೇಕು. ಹೀಗಾಗಿ ಅಯಾನುಗಳನ್ನು ತೂಕದ ಪ್ರಕಾರ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಬೇಡದ ಗದ್ದಲ ಅಡಗಿ ಘಮ ಮಾತ್ರ ಉಳಿಯುತ್ತದೆ. ಚಿಕ್ಕಮಗಳೂರಿನ ಪ್ರಯೋಗಾಲಯಕ್ಕೆ ಹೇಳಿ ಮಾಡಿಸಿದ ಬೆಳಕು ಇದು. ಇದನ್ನು ಪಡೆಯಲು 355 ನ್ಯಾನೊಮೀಟರಿನ ಲೇಸರನ್ನು ಕ್ಸೆನಾನ್ ಅನಿಲದಲ್ಲಿ ಫೋಕಸ್ ಮಾಡಬೇಕು: ಮೂರು ಫೋಟಾನುಗಳ ಶಕ್ತಿ ಸೇರಿ 118ರ ಒಂದು ಫೋಟಾನ್ ಆಗುತ್ತದೆ, ಇದೇ ಮೂರನೇ ಹಾರ್ಮೋನಿಕ್.

ಬೇಕಾದದ್ದು: 355 ನ್ಯಾನೊಮೀಟರಿನಲ್ಲಿ 25–30 ಮಿಲಿಜೂಲ್ ಕೊಡುವ ಎನ್‌ಡಿ-ಯಾಗ್ ಲೇಸರ್, 5–8 ನ್ಯಾನೊಸೆಕೆಂಡಿನ ಪಲ್ಸ್. ಅದೇ ಲೇಸರಿನಿಂದ ಬರುವ ಉಳಿದ 532 ಮತ್ತು 1064ನ್ನು ಎರಡು ಮೂರು ಡೈಕ್ರೋಯಿಕ್ ಕನ್ನಡಿಗಳಿಂದ (ಒಂದು ತರಂಗಾಂತರವನ್ನು ಪ್ರತಿಫಲಿಸಿ ಬೇರೆಯದನ್ನು ದಾಟಿಸುವ ಕನ್ನಡಿಗಳು) ಬೇರ್ಪಡಿಸಿ. ಕನ್ನಡಕ ಈ ಮೂರೂ ತರಂಗಾಂತರಗಳನ್ನು ತಡೆಯುವಂಥದ್ದೇ ಆಗಿರಬೇಕು. 25 ಸೆಂಟಿಮೀಟರ್ ಫೋಕಸ್‌ನ ಫ್ಯೂಸ್ಡ್ ಸಿಲಿಕಾ ಲೆನ್ಸ್, ಸ್ಟೀಲ್ ಕೊಳವೆಯ ಗ್ಯಾಸ್ ಸೆಲ್, ಹೊರಬಾಗಿಲಿಗೆ ಲಿಥಿಯಂ ಫ್ಲೋರೈಡ್ ಕಿಟಕಿ. ಫೋಕಸ್ ಆಗುವ ಜಾಗದಿಂದ ಕಿಟಕಿ 12–15 ಸೆಂಟಿಮೀಟರಾದರೂ ದೂರವಿರಲಿ, ಇಲ್ಲವಾದರೆ ಸುಟ್ಟು ಕಲೆಯಾಗುತ್ತದೆ. ಕಿಟಕಿಯಿಂದ ಸ್ಯಾಂಪಲ್‌ವರೆಗಿನ ದಾರಿಯೂ ನಿರ್ವಾತವಾಗಿರಬೇಕು; ಗಾಳಿ ಈ ಬೆಳಕನ್ನು ಹೀರಿಬಿಡುತ್ತದೆ.

ಇಡೀ ಕೆಲಸದ ಜೀವಾಳ ಅನಿಲದ ಒತ್ತಡ. ಫೋಕಸ್ ದಾಟುವಾಗ ಕಿರಣದ ಫೇಸ್ (ಅಲೆಯ ಏರಿಳಿತದ ಹಂತ) ತಿರುಗುತ್ತದೆ. ಫೋಕಸ್‌ಗೆ ಮೊದಲು ಹುಟ್ಟಿದ ಮೂರನೇ ಹಾರ್ಮೋನಿಕ್ಕನ್ನು ಆಮೇಲೆ ಹುಟ್ಟಿದ್ದು ಅಳಿಸಿಹಾಕುತ್ತದೆ. ಕ್ಸೆನಾನ್‌ಗೆ 118 ನ್ಯಾನೊಮೀಟರಿನ ಬಳಿ ಋಣ ಡಿಸ್ಪರ್ಷನ್ (118ರ ವಕ್ರೀಭವನಾಂಕ 355ರದಕ್ಕಿಂತ ಕಡಿಮೆ) ಇರುವುದರಿಂದ ಸರಿಯಾದ ಒತ್ತಡದಲ್ಲಿ ಆ ಅಳಿಸುವಿಕೆ ತಪ್ಪುತ್ತದೆ. ಸೆಲ್ಲನ್ನು ಚೆನ್ನಾಗಿ ಪಂಪ್ ಮಾಡಿ, ವಾಲ್ವ್ ಮುಚ್ಚಿ ಲೀಕ್ ನೋಡಿ. ನಂತರ 10 ಟಾರ್ (ಒತ್ತಡದ ಮಾನ; ಸಮುದ್ರಮಟ್ಟದ ವಾಯುಭಾರ 760 ಟಾರ್) ಕ್ಸೆನಾನ್ ಬಿಟ್ಟು, ಎರಡೆರಡು ಟಾರ್ ಏರಿಸುತ್ತ ಸಿಗ್ನಲ್ ಗಮನಿಸಿ. ಸಾಮಾನ್ಯವಾಗಿ 15–35ರ ನಡುವೆ ಶಿಖರ ಸಿಗುತ್ತದೆ. ಫೋಕಸ್ ಇನ್ನೂ ಉದ್ದದ ಲೆನ್ಸ್ ಹಾಕಿದರೆ ಶಿಖರ ಕಡಿಮೆ ಒತ್ತಡದ ಕಡೆ ಸರಿಯುತ್ತದೆ.

ಗೇಜ್ ವಿಷಯದಲ್ಲಿ ಇಲ್ಲಿ ಬಹಳ ಜನ ಎಡವುತ್ತಾರೆ. ಸುಮಾರು 1,000 ಮೀಟರ್ ಎತ್ತರದ ಊರಿನಲ್ಲಿ ವಾಯುಭಾರ 760 ಟಾರ್ ಅಲ್ಲ, ಹೆಚ್ಚುಕಡಿಮೆ 670. ಹೊರಗಿನ ಗಾಳಿಗೆ ಹೋಲಿಸಿ ಅಳೆಯುವ ಮುಳ್ಳಿನ ಗೇಜನ್ನು 760ಕ್ಕೆ ಲೆಕ್ಕ ಹಿಡಿದರೆ ಬರುವ ತಪ್ಪೇ ನಮಗೆ ಬೇಕಾದ ಒತ್ತಡದ ಮೂರು ಪಟ್ಟು. ಅನಿಲ ಸಾಗಿಸುವ ಶಾಖದಿಂದ ಒತ್ತಡ ಊಹಿಸುವ ಪಿರಾನಿ ಗೇಜೂ ಬೇಡ: ಕ್ಸೆನಾನ್ ಶಾಖವನ್ನು ಸರಿಯಾಗಿ ಸಾಗಿಸದ ಕಾರಣ ಅದು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಅನಿಲ ಯಾವುದೇ ಆದರೂ ಒತ್ತಡವನ್ನೇ ನೇರವಾಗಿ ಅಳೆಯುವ ಕೆಪ್ಯಾಸಿಟೆನ್ಸ್ ಮ್ಯಾನೋಮೀಟರೇ ಸರಿ.

ಇನ್ನೂ ಹೆಚ್ಚು ಬೆಳಕು ಬೇಕೆಂದರೆ ಒಂದು ಪಾಲು ಕ್ಸೆನಾನ್‌ಗೆ 10–11 ಪಾಲು ಆರ್ಗಾನ್ ಸೇರಿಸಿ, ಬೆರೆಯಲು ಅರ್ಧ ಗಂಟೆ ಬಿಡಿ. ಫೋಕಸ್‌ನಲ್ಲಿ ಕಿಡಿ ಕಂಡರೆ ಶಕ್ತಿ ಇಳಿಸಿ. ಕಿಡಿಯ ಎಲೆಕ್ಟ್ರಾನುಗಳು ಫೇಸ್ ಹೊಂದಾಣಿಕೆಯನ್ನೇ ಕೆಡಿಸುತ್ತವೆ. ಲೇಸರ್ ಶಕ್ತಿಯ ಘನಕ್ಕೆ ತಕ್ಕಂತೆ ಬೆಳಕು ಬರುವುದರಿಂದ, 355ರಲ್ಲಿ 10% ಕುಸಿದರೆ ಇಲ್ಲಿ 27% ಹೋಗುತ್ತದೆ. ಪರಿವರ್ತನೆ ಲಕ್ಷಕ್ಕೊಂದು ಪಾಲಾದರೂ ಪ್ರತಿ ಪಲ್ಸಿಗೆ 10,000 ಕೋಟಿಗೂ ಮೀರಿ ಫೋಟಾನ್ ಸಿಗುತ್ತವೆ.

ಅಳೆಯಲು ಎರಡು ತಟ್ಟೆಗಳ ನಡುವೆ 100 ವೋಲ್ಟ್ ಕೊಟ್ಟು ಸುಮಾರು ಒಂದು ಟಾರ್ ಅಸಿಟೋನ್ ಆವಿ ತುಂಬಿದ ಚಿಕ್ಕ ಸೆಲ್ ಸಾಕು, ಅಸಿಟೋನ್‌ಗೆ 9.7 ಎಲೆಕ್ಟ್ರಾನ್ ವೋಲ್ಟ್ ಬೇಕು. ಆಸಿಲೋಸ್ಕೋಪಿನಲ್ಲಿ ಸಿಗ್ನಲ್ ಬಂದ ಮಾತ್ರಕ್ಕೆ ಅದು 118ರದ್ದೇ ಎಂದು ನಂಬಬೇಡಿ. ಕ್ಸೆನಾನ್ ಹೊರತೆಗೆದು ಮತ್ತೆ ನೋಡಿ: ಆಗಲೂ ಉಳಿದರೆ ಅದು 355ರ ಮೂರು ಫೋಟಾನುಗಳ ಕೆಲಸ. ಇದೇ 355 ಘಮದ ಅಣುಗಳನ್ನೂ ಚೂರು ಮಾಡುತ್ತದೆ. ಕಿಟಕಿಯ ಬದಲು ಲಿಥಿಯಂ ಫ್ಲೋರೈಡ್ ಲೆನ್ಸ್ ಹಾಕಿ, ಕಿರಣವನ್ನು ಅದರ ನಡುವಿನಿಂದ ಸ್ವಲ್ಪ ಪಕ್ಕಕ್ಕೆ ಬೀಳಿಸಿದರೆ 118 ಹೆಚ್ಚು ಬಾಗಿ ಬೇರೆಯಾಗುತ್ತದೆ.

ಮಳೆಗಾಲದಲ್ಲಿ ಈ ಕಿಟಕಿಗಳನ್ನು ಸಿಲಿಕಾ ಜೆಲ್ ಹಾಕಿದ ಡೆಸಿಕೇಟರಿನಲ್ಲಿಡಿ, ಬರಿಗೈಯಲ್ಲಿ ಮುಟ್ಟಬೇಡಿ. ಕರೆಂಟ್ ಹೋದಾಗ ಪಂಪಿನ ಎಣ್ಣೆಯ ಆವಿ ಹಿಂದಕ್ಕೆ ನುಗ್ಗಿ ಕಿಟಕಿಗೆ ಪೊರೆ ಕಟ್ಟುತ್ತದೆ; ತಾನಾಗಿ ಮುಚ್ಚುವ ವಾಲ್ವ್ ಕಡ್ಡಾಯ.

ಕ್ಸೆನಾನ್ ದುಬಾರಿ, ಶುದ್ಧವಾಗಿ ಬಳಸಿದ್ದನ್ನು ಹೊರಬಿಡಬೇಡಿ. ಹಸುಗಳ ಕೃತಕ ಗರ್ಭಧಾರಣೆಗೆಂದು ಈ ಜಿಲ್ಲೆಗಳಿಗೆ ಬರುವ ದ್ರವ ಸಾರಜನಕವೇ ಸಾಕು: ಚಿಕ್ಕ ಸ್ಟೀಲ್ ಬಾಟಲಿಯನ್ನು ಅದರಲ್ಲಿ ಮುಳುಗಿಸಿ ವಾಲ್ವ್ ತೆರೆದರೆ ಕ್ಸೆನಾನ್ ಅಲ್ಲಿ ಹೆಪ್ಪುಗಟ್ಟುತ್ತದೆ. ವಾಲ್ವ್ ಮುಚ್ಚುವ ಮುನ್ನ, ಬೆಚ್ಚಗಾದಾಗ ಬಾಟಲಿಯೊಳಗೆ ಎಷ್ಟು ಒತ್ತಡ ಏಳುತ್ತದೆಂದು ಲೆಕ್ಕ ಹಾಕಿಕೊಳ್ಳಿ.