ಜಾವಾ ಪರೀಕ್ಷೆಗೆ ಕ್ಲಾಸ್ ಸೇರಬೇಕಾ? ನಾನು ಎರಡೂ ದಾರಿ ನೋಡಿದ್ದೇನೆ

ನಮ್ಮ ಕಡೆ ಡಿಗ್ರಿ ಮುಗಿಸಿದ ಹುಡುಗ ಹುಡುಗಿಯರು ನನ್ನನ್ನು ಕೇಳುವುದು ಇದೊಂದೇ. "ಅಕ್ಕಾ, ಜಾವಾ ಸರ್ಟಿಫಿಕೇಶನ್‌ಗೆ ಕ್ಲಾಸ್ ಸೇರಲೇಬೇಕಾ, ಮನೇಲಿ ಓದಿಕೊಂಡ್ರೆ ಆಗಲ್ವಾ?" ಜಾವಾ ಅಂದರೆ ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಒಂದು ಭಾಷೆ. ನಾನು ಮೊದಲು ಕ್ಲಾಸಿಗೆ ಹೋದೆ, ಆಮೇಲೆ ಮನೆಯಲ್ಲಿ ಕೂತು ಓದಿದೆ. ಪರೀಕ್ಷೆ ಪಾಸಾಗಿದ್ದು ಎರಡನೇ ಸಲಕ್ಕೆ.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ಕ್ಲಾಸ್ ಮುಗಿದಾಗ ಇನ್‌ಸ್ಟಿಟ್ಯೂಟ್‌ನವರು ಕೊಡುವ ಸರ್ಟಿಫಿಕೇಟ್ ಬೇರೆ, ಜಾವಾ ನೋಡಿಕೊಳ್ಳುವ ಆರೇಕಲ್ ಕಂಪನಿಯ ಪರೀಕ್ಷೆ ಬರೆದು ಬರುವ ಸರ್ಟಿಫಿಕೇಟ್ ಬೇರೆ. ಮೊದಲನೆಯದು ನೀವು ಕ್ಲಾಸಿಗೆ ಬಂದಿದ್ದೀರಿ ಅನ್ನುತ್ತದೆ, ಅಷ್ಟೇ. ಇದು ನನಗೆ ಫೀಸ್ ಕಟ್ಟಿ ಎರಡು ತಿಂಗಳಾದ ಮೇಲೆ ಗೊತ್ತಾಯಿತು.

ನಾನಿರುವುದು ಆಲೂರಿನಲ್ಲಿ, ಕೆಲಸ ಹಾಸನದಲ್ಲಿ, ಒಂದು ಅಂಗಡಿಯ ಲೆಕ್ಕಪತ್ರ. ಸಂಜೆ ಆರಕ್ಕೆ ಕ್ಲಾಸ್, ಏಳೂವರೆಗೆ ಬಿಟ್ಟರೆ ಬಸ್ ಸ್ಟ್ಯಾಂಡಿಗೆ ಓಟ. ನಾಲ್ಕು ತಿಂಗಳ ಕೋರ್ಸ್. ಹಾಸನಾಂಬೆ ಬಾಗಿಲು ತೆಗೆದ ದಿನಗಳಲ್ಲಿ ಊರೆಲ್ಲ ಜನ, ಆಗ ಕ್ಲಾಸೇ ಇರಲಿಲ್ಲ. ಆದರೂ ಆ ಕ್ಲಾಸಿನಿಂದ ನನಗೆ ಸಿಕ್ಕಿದ್ದನ್ನು ಮರೆಯಲ್ಲ. ಮೊದಲ ಮೂರು ವಾರ ಪ್ರೋಗ್ರಾಂ ಓಡುತ್ತಲೇ ಇರಲಿಲ್ಲ. ಪರದೆ ತುಂಬ ಎರರ್ ಬಂದರೆ ನಾನು ಸುಮ್ನೆ ಎಲ್ಲ ಅಳಿಸಿ ಮತ್ತೆ ಟೈಪ್ ಮಾಡುತ್ತಿದ್ದೆ. ನಮ್ಮ ಸರ್ ಪಕ್ಕಕ್ಕೆ ಬಂದು ಕೂತು, "ಅಳಿಸಬೇಡಮ್ಮ, ಮೊದಲನೇ ಸಾಲಿನ ಎರರ್ ಓದು, ಕೆಳಗಿನದೆಲ್ಲ ಬಿಡು" ಅಂದರು. ಮೊದಲನೆಯದನ್ನು ಸರಿಮಾಡಿದರೆ ಕೆಳಗಿನ ಎಷ್ಟೋ ಎರರ್ ತಾವೇ ಹೋಗುತ್ತಿದ್ದವು. ಮನೆಯಲ್ಲಿ ಒಬ್ಬಳೇ ಇದ್ದಿದ್ದರೆ ಆ ಮೂರು ವಾರದಲ್ಲೇ ನಾನು ಕೈಬಿಡುತ್ತಿದ್ದೆ.

ತೊಂದರೆ ಆಗಿದ್ದು ಸಿಲಬಸ್‌ನಲ್ಲಿ. ನಾನು ಬರೆಯಬೇಕಿದ್ದದ್ದು ಜಾವಾ 17ರ ಪರೀಕ್ಷೆ. ಆ ಆವೃತ್ತಿ ಬಂದಿದ್ದು 2021ರ ಸೆಪ್ಟೆಂಬರ್‌ನಲ್ಲಿ. ಕ್ಲಾಸಿನ ನೋಟ್ಸ್ ಅದಕ್ಕಿಂತ ಎಷ್ಟೋ ಹಳೆಯದು. ಪರೀಕ್ಷೆಯ ವಿಷಯಗಳ ಪಟ್ಟಿಯನ್ನು ಆರೇಕಲ್ ಜಾಲತಾಣದಿಂದ ತೆಗೆದು ಪ್ರಿಂಟ್ ಹಾಕಿಸಿ, ಕ್ಲಾಸಲ್ಲಿ ಆದದ್ದಕ್ಕೆಲ್ಲ ಟಿಕ್ ಹಾಕುತ್ತಾ ಹೋದೆ. ಸ್ಟ್ರೀಮ್, ಮಾಡ್ಯೂಲ್, ರೆಕಾರ್ಡ್, ಸೀಲ್ಡ್ ಕ್ಲಾಸ್, ಕನ್ಕರೆನ್ಸಿ (ಒಂದೇ ಪ್ರೋಗ್ರಾಂನಲ್ಲಿ ಹಲವು ಕೆಲಸ ಒಟ್ಟಿಗೆ ಓಡಿಸುವುದು), ಯಾವುದಕ್ಕೂ ಟಿಕ್ ಇಲ್ಲ. ಆ ದಿನ ತುಂಬ ಬೇಜಾರಾಯಿತು. ಆ ಫೀಸ್ ನಾನು ಚೀಟಿ ಎತ್ತಿ ಕಟ್ಟಿದ್ದು.

ಆಮೇಲಿನ ಐದು ತಿಂಗಳು ಬೆಳಗ್ಗೆ ಐದರಿಂದ ಆರೂವರೆ ತನಕ ಅಡುಗೆಮನೆಯ ಮೇಜೇ ನನ್ನ ಕ್ಲಾಸ್. ಖರ್ಚು ಏನೂ ಇಲ್ಲ. ಜಾವಾ ಪ್ರೋಗ್ರಾಂ ಬರೆದು ಓಡಿಸಲು ಬೇಕಾದ ಜೆಡಿಕೆ ಪುಕ್ಕಟೆ, ಆರೇಕಲ್‌ನ ದಾಖಲೆಗಳೂ ಪುಕ್ಕಟೆ. ಜಾವಾ 9ರಿಂದ ಜೆಡಿಕೆ ಜೊತೆಗೇ ಜೆಶೆಲ್ ಬರುತ್ತದೆ. ಅದರಲ್ಲಿ ಒಂದು ಸಾಲು ಬರೆದರೆ ಅಲ್ಲೇ ಉತ್ತರ, ಇಡೀ ಪ್ರೋಗ್ರಾಂ ಬರೆಯುವುದೇ ಬೇಡ. ಸ್ವಂತ ಓದಿಗೆ ಇದಕ್ಕಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಇಂಟೀಜರ್ (ಪೂರ್ಣಾಂಕ ಇಡುವ ಆಬ್ಜೆಕ್ಟ್, ಅಂದರೆ ವಸ್ತು) ಜಾತಿಯ ಎರಡು ಹೆಸರು ಮಾಡಿ, ಎರಡಕ್ಕೂ ನೇರವಾಗಿ 127 ಅಂತ ಕೊಡಿ. ಜೋಡಿ ಸಮ ಚಿಹ್ನೆ (==) ಹಾಕಿ ಹೋಲಿಸಿದರೆ 'ಸರಿ' ಅನ್ನುತ್ತದೆ. ಅದನ್ನೇ 128 ಮಾಡಿ. 'ತಪ್ಪು' ಅನ್ನುತ್ತದೆ! ಕ್ಲಾಸಲ್ಲಿ ಇದನ್ನು ಕೇಳಿದ್ದೆ, "ಅದೆಲ್ಲ ಪರೀಕ್ಷೆಗೆ ಬರಲ್ಲ, ಬಿಡಿ" ಅಂದಿದ್ದರು. ಮನೆಯಲ್ಲಿ ದಾಖಲೆ ತೆಗೆದು ನೋಡಿದರೆ ಅಲ್ಲೇ ಬರೆದಿದೆ. ಮೈನಸ್ 128ರಿಂದ 127ರ ತನಕದ ಸಂಖ್ಯೆಗಳಿಗೆ ಜಾವಾ ಮೊದಲೇ ಮಾಡಿಟ್ಟ ಆಬ್ಜೆಕ್ಟನ್ನೇ ಕೊಡುತ್ತದೆ. ಹಾಗಾಗಿ ಎರಡು ಹೆಸರೂ ಒಂದೇ ವಸ್ತುವಿಗೆ ಹೋಗುತ್ತವೆ. 128ಕ್ಕೆ ಬೇರೆ ಬೇರೆ ಆಬ್ಜೆಕ್ಟ್ ಹುಟ್ಟುತ್ತದೆ. ಜೋಡಿ ಸಮ ಚಿಹ್ನೆ ನೋಡುವುದು ವಸ್ತು ಒಂದೇನಾ ಅಂತ, ಬೆಲೆ ಒಂದೇನಾ ಅಂತಲ್ಲ. ಬೆಲೆ ನೋಡಲು ಈಕ್ವಲ್ಸ್ ಬಳಸಬೇಕು. ಇಷ್ಟನ್ನು ಕೈಯಾರೆ ಮಾಡಿ ನೋಡಿದ ಬೆಳಗ್ಗೆ ಅಮ್ಮನನ್ನು ಕರೆದು ತೋರಿಸಿದ್ದೆ.

ಆದರೆ ಕನ್ಕರೆನ್ಸಿಯಲ್ಲಿ ಸಿಕ್ಕಿಹಾಕಿಕೊಂಡೆ. ಓದಿದಾಗ ಅರ್ಥವಾದ ಹಾಗೆ ಇರುತ್ತಿತ್ತು, ಪ್ರಶ್ನೆ ಬಿಡಿಸಲು ಕೂತರೆ ಕೈ ಓಡುತ್ತಿರಲಿಲ್ಲ. ಕೇಳಲು ಯಾರೂ ಇಲ್ಲ. ಹಾಗೇ ಪರೀಕ್ಷೆಗೆ ಕೂತೆ. 50 ಪ್ರಶ್ನೆ, 90 ನಿಮಿಷ, ಪಾಸಾಗಲು 68 ಪ್ರತಿಶತ, ಅಂದರೆ 34 ಸರಿಯಾಗಬೇಕು. ನನಗೆ ಬಂದಿದ್ದು 62 ಪ್ರತಿಶತ. ಒಂದು ಪ್ರಶ್ನೆಗೆ ಎರಡು ನಿಮಿಷವೂ ಸಿಗುವುದಿಲ್ಲ. ಕೋಡನ್ನು ಕಣ್ಣಲ್ಲೇ ಓಡಿಸುವ ಅಭ್ಯಾಸ ನನಗೆ ಸಾಲದಾಗಿತ್ತು.

ಆಗ ಒಬ್ಬರು ಡಂಪ್, ಅಂದರೆ ಪರೀಕ್ಷೆಯಿಂದ ಕದ್ದು ತಂದ ಹಳೆಯ ಪ್ರಶ್ನೆಗಳನ್ನು, ಕಳಿಸುತ್ತೇನೆ ಅಂದರು. ಬೇಡ ಅಂದೆ. ಅದು ಪರೀಕ್ಷೆಯ ನಿಯಮಕ್ಕೆ ವಿರುದ್ಧ, ಸಿಕ್ಕಿಬಿದ್ದರೆ ಸರ್ಟಿಫಿಕೇಟೇ ರದ್ದಾಗಬಹುದು. ಅದೂ ಅಲ್ಲದೆ ಇಂಟರ್‌ವ್ಯೂನಲ್ಲಿ ಎದುರಿಗೆ ಕೂರುವುದು ನಾನೇ ಅಲ್ವಾ?

ಅದರ ಬದಲು ಹಳೇ ಕ್ಲಾಸಿನ ಸರ್ ಹತ್ತಿರ ಹೋದೆ. ಸಾಲಗಾಮೆ ರಸ್ತೆಯ ಒಂದು ಹೋಟೆಲಿನಲ್ಲಿ ಎರಡು ಶನಿವಾರ ಕೂತು, ನಾನು ಬರೆದಿದ್ದ ಕೋಡನ್ನೇ ಇಟ್ಟುಕೊಂಡು ಎಲ್ಲಿ ಎರಡು ಥ್ರೆಡ್ (ಒಟ್ಟಿಗೆ ಓಡುವ ಕೆಲಸದ ಎಳೆ) ಒಂದೇ ಲೆಕ್ಕದ ಮೇಲೆ ಬೀಳುತ್ತಿವೆ ಅಂತ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತೋರಿಸಿದರು. ಐದು ತಿಂಗಳಲ್ಲಿ ಬಿಡಿಸಲಾಗದ್ದು ಆ ಎರಡು ಶನಿವಾರದಲ್ಲಿ ಬಿಡಿಸಿಕೊಂಡಿತು. ಎರಡನೇ ಸಲ ಪಾಸಾದೆ. ಪರೀಕ್ಷೆ ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಬರೆಯುವುದು. ಆಲೂರಿನಲ್ಲಿ ಮಳೆಗೆ ಕರೆಂಟ್ ನಂಬುವ ಹಾಗಿರಲಿಲ್ಲ, ಆವತ್ತು ಹಾಸನದ ಗೆಳತಿಯ ಮನೆಯಲ್ಲಿ ಯುಪಿಎಸ್ ಇಟ್ಟುಕೊಂಡು ಬರೆದೆ.

ಹಾಗಾಗಿ ಕೇಳಿದವರಿಗೆ ನಾನು ಹೇಳುವುದು ಇಷ್ಟು. ಕೋಡ್ ಬರೆದೇ ಗೊತ್ತಿಲ್ಲದಿದ್ದರೆ ಎರಡು ತಿಂಗಳ ಸಣ್ಣ ಕ್ಲಾಸ್ ಸೇರಿ, ಪರೀಕ್ಷೆಯ ಓದನ್ನು ಮನೆಯಲ್ಲೇ ಮಾಡಿ. ಫೀಸ್ ಕಟ್ಟುವ ಮೊದಲು ವಿಷಯಗಳ ಪಟ್ಟಿಯ ಪ್ರಿಂಟ್ ತೆಗೆದುಕೊಂಡು ಹೋಗಿ ಅವರ ಮುಂದೆ ಇಡಿ. "ಇದರಲ್ಲಿ ಯಾವುದನ್ನು ಮಾಡಿಸ್ತೀರಿ, ನಾನು ಬರೆದ ಕೋಡನ್ನು ಯಾರು ಓದ್ತಾರೆ?" ಅಂತ ಕೇಳಿ. ಉತ್ತರ ಕೊಡದೆ ಬ್ರೋಷರ್ ಕೊಟ್ಟರೆ ಎದ್ದು ಬನ್ನಿ.