ಸಂದು ಮುಚ್ಚಲಿಲ್ಲ, ಅದಕ್ಕೇ ಬಿರುಕು ಬಿಡಲಿಲ್ಲ: ರೋಡ್‌ಸ್ಟರ್‌ಗೆ ಫೈಬರ್ ಬಾಡಿ ಕಟ್ಟಿದ ನನ್ನ ಅನುಭವ

ಹಳೇ ಕಾರಿನ ರೂಫ್ ಕತ್ತರಿಸಿ ರೋಡ್‌ಸ್ಟರ್, ಅಂದರೆ ಮೇಲೆ ತೆರೆದ ಕಾರು, ಮಾಡಲು ಹೊರಟಾಗ ಕಬ್ಬಿಣದ ಶೆಲ್‌ಗೆ (ಕಾರಿನ ಮೂಲ ತಗಡಿನ ಮೈಗೆ) ಫೈಬರ್ (ರೆಸಿನ್ ಕುಡಿಸಿದ ಗಾಜಿನ ನಾರು) ನಿಲ್ಲಲ್ಲ ಅಂತ ನನಗೆ ಹೇಳದವರೇ ಇಲ್ಲ. "ಇದು ದೋಣಿ ಕೆಲಸ ಕಣಯ್ಯಾ, ಕಾರಿಗಲ್ಲ. ನಾಲ್ಕು ಗುಂಡಿ ಹಾರಿಸು, ಸಂದಿನುದ್ದಕ್ಕೂ ಗೆರೆ ಬೀಳುತ್ತೆ" ಅಂದಿದ್ದರು ಒಬ್ಬ ಹಳೇ ಟಿಂಕರಿಂಗ್ ಮೇಸ್ತ್ರಿ. ಗಾಡಿ ಈಗ ಏಳೆಂಟು ಸಾವಿರ ಕಿಲೋಮೀಟರ್ ಓಡಿದೆ, ಅದರಲ್ಲಿ ಅರ್ಧ ಕೆಟ್ಟ ರಸ್ತೆ. ಗೆರೆ ಬಿದ್ದಿಲ್ಲ. ಮೇಸ್ತ್ರಿ ಬಂದು ಹಿಂದಿನ ಫೆಂಡರ್ ಮೇಲೆ ಬೆರಳಾಡಿಸಿ, ಉಗುರಲ್ಲಿ ಕೆರೆದು, ಏನೂ ಹೇಳದೆ ಬಾನೆಟ್ ಕಡೆ ಹೋದರು. ನನಗೆ ಅಷ್ಟು ಸಾಕಾಯಿತು. ಆಮೇಲೆ ಕೇಳುವವರು ಜಾಸ್ತಿಯಾದರು, ಅದಕ್ಕೇ ಬರೆಯುತ್ತಿದ್ದೇನೆ.

ಮೂಲ ಗಾಡಿ ಹಳೇ ಎರಡು ಬಾಗಿಲಿನ ಹ್ಯಾಚ್‌ಬ್ಯಾಕ್, ಮೋನೊಕಾಕ್ ಬಾಡಿ, ಅಂದರೆ ಬೇರೆ ಚಾಸಿ ಇಲ್ಲ, ತಗಡಿನ ಮೈಯೇ ಭಾರ ಹೊರುತ್ತದೆ. ರೂಫ್ ತೆಗೆಯುವ ಭಾಗ ನಿಮಗೆಲ್ಲ ಗೊತ್ತು: ಗ್ರೈಂಡರ್ ಕೈಗೆತ್ತಿಕೊಳ್ಳುವ ಮೊದಲೇ ಬಾಗಿಲ ಚೌಕಟ್ಟಿಗೆ ಅಡ್ಡ ಪೈಪ್ ವೆಲ್ಡ್ ಮಾಡಿ, ಬಾಗಿಲ ಕೆಳಗಿನ ಸಿಲ್ ಒಳಗೆ ಬಾಕ್ಸ್ ಸೆಕ್ಷನ್ ಕೂರಿಸಿ, ಸೀಟಿನ ಹಿಂದೆ ಒಂದು ಅಡ್ಡತೊಲೆ ಕೊಟ್ಟೆ. ಅಡ್ಡ ಪೈಪ್ ಬಿಚ್ಚಿದ ಮೇಲೂ ಡೋರ್ ಗ್ಯಾಪ್ ಅಲ್ಲಾಡಲಿಲ್ಲ. ಅಷ್ಟು ಬಿಗಿ ಇಲ್ಲದ ಶೆಲ್ ಮೇಲೆ ಫೈಬರ್ ಹಾಕುವವರು ಮುಂದೆ ಓದುವುದೇ ಬೇಡ.

ಮೋಲ್ಡ್ (ಅಚ್ಚು) ವಿಷಯಕ್ಕೆ ಬರೋಣ. ಒಂದು ಫೈಬರ್ ಘಟಕದಲ್ಲಿ ಹಿಂದಿನ ಡೆಕ್, ಎರಡು ಫೆಂಡರ್, ಬಾನೆಟ್, ಇಷ್ಟಕ್ಕೆ ಮೋಲ್ಡ್ ಮಾಡಿಕೊಡಲು ಕೇಳಿದ ಹಣ ನಾನು ಆ ಗಾಡಿಗೆ ಕೊಟ್ಟಿದ್ದಕ್ಕಿಂತ ಹೆಚ್ಚು. ಹತ್ತು ಗಾಡಿ ಮಾಡುವವನಿಗೆ ಮೋಲ್ಡ್ ಸರಿ. ಒಂದೇ ಗಾಡಿಗೆ ಮೋಲ್ಡ್ ಎಂದರೆ ಪ್ಲಗ್ (ಬೇಕಾದ ಆಕಾರದ ಮಾದರಿ), ಅದರ ಮೇಲೆ ಎರಡು ಪಟ್ಟು ದಪ್ಪದ ಮೋಲ್ಡ್, ಅದಕ್ಕೆ ಬೆನ್ನೆಲುಬು, ಅಂಟದಿರಲು ವ್ಯಾಕ್ಸು, ಪಿವಿಎ, ಕೊನೆಗೆ ಆ ದೊಡ್ಡ ಚಿಪ್ಪು ಇಡಲು ಜಾಗ. ನಾನು ಪ್ಲೈವುಡ್ ಅಡ್ಡಪಟ್ಟಿ ನಿಲ್ಲಿಸಿ, ನಡುವೆ ಪಿಯು (ಪಾಲಿಯುರಿಥೇನ್) ಫೋಮ್ ತುಂಬಿ, ಕೆತ್ತಿ, ನೇರ ಅದರ ಮೇಲೇ ಮ್ಯಾಟ್ (ಗಾಜಿನ ನಾರಿನ ಹಾಸು) ಎಳೆದೆ. ಒಣಗಿದ ಮೇಲೆ ಫೋಮ್ ಒಡೆದು ತೆಗೆದೆ. ಹೊರಮೈ ಒರಟಾಗಿ ಬರುತ್ತದೆ, ಉಜ್ಜುವ ಕೆಲಸ ಮೂರು ಪಟ್ಟು ಆಗುತ್ತದೆ. ಮೈ ಬಗ್ಗಿಸಲು ತಯಾರಿದ್ದರೆ ಹಣ ಉಳಿಯುತ್ತದೆ.

ಕಬ್ಬಿಣ ಮತ್ತು ಫೈಬರ್ ಸೇರುವ ಸಂದಿನ ಕಥೆ ಬೇರೆ. ಮೊದಲ ಸಲ ಎಲ್ಲರೂ ಹೇಳುವ ರೀತಿಯಲ್ಲೇ ಮಾಡಿದೆ. ಕಬ್ಬಿಣದ ಅಂಚನ್ನು 36 ನಂಬರ್ ಡಿಸ್ಕಿನಲ್ಲಿ ಹೊಳೆಯುವ ತನಕ ಉಜ್ಜಿ, ಪಾಲಿಯೆಸ್ಟರ್ ರೆಸಿನ್‌ನಲ್ಲಿ ಎರಡು ಪದರ ಮ್ಯಾಟ್ ಹತ್ತಿಸಿ, ಪುಟ್ಟಿ ಎಳೆದು, ಸರ್ಫೇಸರ್ (ಪೇಂಟಿನ ಅಡಿಯ ಪದರ) ಹೊಡೆದೆ. ನೋಡಲು ಒಂದೇ ತುಂಡು. ಗೇಟು ದಾಟಿ ಒಂದಷ್ಟು ಓಡಿಸುವಷ್ಟರಲ್ಲಿ ಬಾಗಿಲ ಹಿಂದಿನ ಮೂಲೆಯಲ್ಲಿ ಕೂದಲೆಳೆ ಬಿರುಕು. ಕಿತ್ತು ನೋಡಿದರೆ ಮ್ಯಾಟು ಕಬ್ಬಿಣ ಬಿಟ್ಟು ಹಾಳೆಯಾಗಿ ಎದ್ದು ಬಂತು, ಅಡಿಯಲ್ಲಿ ಆಗಲೇ ತುಕ್ಕಿನ ಬಣ್ಣ. ಎಪಾಕ್ಸಿ (ಇನ್ನೊಂದು ಬಗೆಯ ರೆಸಿನ್) ಹಾಕು ಅಂದರು, ಹಾಕಿದೆ. ಎಪಾಕ್ಸಿ ಕಬ್ಬಿಣವನ್ನು ಬಿಡಲಿಲ್ಲ ನಿಜ, ಆದರೆ ಬಿಸಿಲಿಗೆ ನಿಲ್ಲಿಸಿದ ದಿನ ಸಂದಿನ ನೆರಳು ಸರ್ಫೇಸರ್ ಮೇಲೆ ಎದ್ದಿತು, ಆಮೇಲೆ ಅಲ್ಲೇ ಪುಟ್ಟಿ ಸೀಳಿತು. ಮೂರನೆಯದು ವಿಂಡ್‌ಶೀಲ್ಡ್ ಹತ್ತಿಸುವ ಪಿಯು ಸೀಲಂಟ್. ಅದು ಹಿಗ್ಗಿತು, ಕುಗ್ಗಿತು, ಚೆನ್ನಾಗೇ ನಿಂತಿತು; ಮೇಲಿನ ಪುಟ್ಟಿ ಹಿಗ್ಗಲಿಲ್ಲ, ಒಡೆಯಿತು. ಪ್ರತಿ ಸಲವೂ ಪುಟ್ಟಿ, ಎಮರಿ, ಪ್ರೈಮರ್, ತಿನ್ನರ್ ಹೊಸದಾಗಿ ತರಬೇಕು. ಲೆಕ್ಕ ಹಾಕಿದರೆ ಇಡೀ ಬಾಡಿ ಖರ್ಚಿನಲ್ಲಿ ಹತ್ತಿರ ಕಾಲು ಭಾಗ ಈ ಸಂದುಗಳಿಗೇ ಹೋಯಿತು, ಒಂದೂ ಗಾಡಿಯ ಮೇಲೆ ಉಳಿದಿಲ್ಲ.

ಕಾರಣ ಹುಡುಕಲು ದೊಡ್ಡ ಓದು ಬೇಕಿಲ್ಲ. ಅದೇ ಬಿಸಿಗೆ ಮ್ಯಾಟ್ ಫೈಬರ್ ಕಬ್ಬಿಣದ ಎರಡರಷ್ಟು ಹಿಗ್ಗುತ್ತದೆ. ಒಂದೂವರೆ ಮೀಟರ್ ಪ್ಯಾನಲ್ ನೆರಳಿನಿಂದ ಬಿಸಿಲಿಗೆ ಬಂದರೆ ಎರಡರ ನಡುವಿನ ವ್ಯತ್ಯಾಸ ಒಂದು ಮಿಲಿಮೀಟರಿನ ಹತ್ತಿರ. ಅದರ ಮೇಲೆ ರೂಫ್ ಇಲ್ಲದ ಶೆಲ್‌ನ ತಿರುಚು ಬೇರೆ. ಇವೆರಡನ್ನೂ ಒಂದು ಗೆರೆ ಪುಟ್ಟಿ ತಡೆದುಕೊಳ್ಳಬೇಕು ಅನ್ನುವುದೇ ಅನ್ಯಾಯ.

ಹಳೇ ಬೀಟಲ್ ಕಾರಿನ ಫೆಂಡರ್ ನೋಡಿ. ಬೋಲ್ಟ್ ಹಾಕಿದ್ದಾರೆ, ನಡುವೆ ಬೀಡಿಂಗ್ (ಮೆತ್ತನೆಯ ಪಟ್ಟಿ) ಇಟ್ಟಿದ್ದಾರೆ, ಸಂದನ್ನು ಮುಚ್ಚುವ ಗೋಜಿಗೇ ಹೋಗಿಲ್ಲ. ಕೋಟಿಗಟ್ಟಲೆ ಗಾಡಿ ಹಾಗೇ ಮಾರಿದರು, ಯಾರೂ ಅದನ್ನು ಕೊರತೆ ಅನ್ನಲಿಲ್ಲ. ನಾನೂ ಫೈಬರ್ ಪ್ಯಾನಲ್‌ಗಳನ್ನೆಲ್ಲ ಬಿಡಿಬಿಡಿಯಾಗಿ ಮಾಡಿ, ಅಂಚು ಒಳಕ್ಕೆ ಮಡಚಿದ ಫ್ಲ್ಯಾಂಜ್ ಕೊಟ್ಟು, ಬೋಲ್ಟಿನಲ್ಲಿ ಕೂರಿಸಿದೆ. ಸಂದು ಇರುವ ಜಾಗವನ್ನೇ ಬಾಡಿ ಲೈನ್ ಮಾಡಿದೆ. ಬಾಗಿಲ ಹಿಂದಿನಿಂದ ಟೇಲ್ ಲ್ಯಾಂಪ್ ತನಕ ಒಂದೇ ಓಟದಲ್ಲಿ ಹೋಗುವ ಕಪ್ಪು ಗೆರೆ ನೋಡಿ "ಡಿಸೈನ್ ಚೆನ್ನಾಗಿದೆ" ಅನ್ನುವವರಿಗೆ ನಾನು ಏನೂ ಹೇಳಲು ಹೋಗುವುದಿಲ್ಲ.

ಫ್ಲ್ಯಾಂಜ್ ಮಾಡುವ ಕೆಲಸ ಗಾಡಿಯ ಮೇಲೇ ಆಗಬೇಕು, ಬೆಂಚಿನ ಮೇಲೆ ಮಾಡಿ ತಂದರೆ ಕೂರಲ್ಲ. ಕಬ್ಬಿಣದ ಅಂಚಿಗೆ ಕಂದು ಪ್ಯಾಕಿಂಗ್ ಟೇಪ್ ಸುಕ್ಕಿಲ್ಲದೆ ಹಚ್ಚಿದೆ, ಪಾಲಿಯೆಸ್ಟರ್ ಅದಕ್ಕೆ ಅಂಟುವುದಿಲ್ಲ. ಅದರ ಮೇಲೆ ಮೂರು ಮಿಲಿ ರಬ್ಬರ್ ಪಟ್ಟಿ, ಅದಕ್ಕೂ ಟೇಪ್. ಆ ಮೂರು ಮಿಲಿಯೇ ಮುಂದೆ ಬೀಡಿಂಗ್ ಕೂರುವ ಜಾಗ. ಪ್ಯಾನಲ್ಲನ್ನು ಜಾಗದಲ್ಲಿ ಹಿಡಿದಿಟ್ಟು, ಒಳಗಡೆಯಿಂದ ಸಣ್ಣ ಸಣ್ಣ ಮ್ಯಾಟ್ ತುಂಡು, ಬ್ರಶ್ಶಿನಲ್ಲಿ ಚುಚ್ಚಿ ಚುಚ್ಚಿ, ಇಪ್ಪತ್ತೈದು ಮಿಲಿ ಅಗಲಕ್ಕೆ ಮಡಿಕೆ ಕಟ್ಟಿದೆ. ಮಡಿಕೆಯ ಮೂಲೆಯೇ ಕಳ್ಳ ಜಾಗ: ಮ್ಯಾಟ್ ಚೂಪಾದ ಮೂಲೆಗೆ ಇಳಿಯುವುದಿಲ್ಲ, ಒಳಗೆ ಗಾಳಿ ಕೂರುತ್ತದೆ, ಬೋಲ್ಟ್ ಬಿಗಿದ ದಿನ ಅಲ್ಲೇ ಟಕ್ ಅನ್ನುತ್ತದೆ. ಅದಕ್ಕೆ ಮೊದಲು ರೆಸಿನ್‌ನಲ್ಲಿ ನೆನೆಸಿದ ಬಿಡಿ ರೋವಿಂಗ್ (ಗಾಜಿನ ನಾರಿನ ಹುರಿ) ಎಳೆ ಆ ಮೂಲೆಗೆ ತುಂಬಿ ದುಂಡಗೆ ಮಾಡಿಕೊಂಡು ಆಮೇಲೆ ಮ್ಯಾಟ್. ಟೇಲ್ ಲ್ಯಾಂಪ್ ಹತ್ತಿರದ ತಿರುವಿನಲ್ಲಿ ಗ್ಯಾಪ್ ಒಂದೇ ಸಮ ಬರಲು ಇನ್ನೊಂದು ಉಪಾಯವಿದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಬೋಲ್ಟಿನ ವಿಷಯದಲ್ಲಿ ಮಾತ್ರ ಜಿಪುಣತನ ಇಲ್ಲ, ಹೇಳಿಬಿಡುತ್ತೇನೆ. ಪ್ರತಿ ಪ್ಯಾನಲ್ಲಿನ ನಡುವಿನ ಬೋಲ್ಟ್ ಒಂದಕ್ಕೆ ದುಂಡು ತೂತು, ಬಿಗಿ. ಉಳಿದದ್ದಕ್ಕೆಲ್ಲ ಉದ್ದ ತೂತು, ಅಗಲ ವಾಷರ್, ಅಲುಗಿದರೂ ಸಡಿಲವಾಗದ ನೈಲಾಕ್ ನಟ್, ಕೈಗೆ ಬಿಗಿ ಸಿಕ್ಕ ಮೇಲೆ ಇನ್ನೊಂದು ಚೂರು, ಅಷ್ಟೇ. ಪ್ಯಾನಲ್ ನಡುವಿನಿಂದ ಎರಡೂ ಕಡೆ ಹಿಗ್ಗಲಿ. ಎಲ್ಲ ಬೋಲ್ಟನ್ನೂ ಗಟ್ಟಿ ಬಿಗಿದರೆ ಮತ್ತೆ ಹಳೇ ಕಥೆ, ಈ ಸಲ ಬಿರುಕು ತೂತಿನಿಂದ ಶುರುವಾಗುತ್ತದೆ.

ಪದರದ ಲೆಕ್ಕ ಹೀಗಿತ್ತು: ಫೋಮ್ ಮೇಲೆ 450ರ (ಚದರ ಮೀಟರಿಗೆ 450 ಗ್ರಾಂ) ಮ್ಯಾಟ್ ಎರಡು, ಮೇಲೆ 300ರದು ಒಂದು, ಅದರ ಮೇಲೆ ಟಿಶ್ಯೂ (ತೆಳು ಗಾಜಿನ ನಾರಿನ ಹಾಳೆ). ಫೋಮ್ ತೆಗೆದ ಮೇಲೆ ಒಳಗಡೆ ಇನ್ನೊಂದು 450. ಒಟ್ಟು ಮೂರೂವರೆ ಮಿಲಿ ಆಸುಪಾಸು. ರೆಸಿನ್ ಮ್ಯಾಟಿನ ತೂಕದ ಎರಡರಿಂದ ಎರಡೂವರೆ ಪಟ್ಟು; ಅದಕ್ಕಿಂತ ಜಾಸ್ತಿ ಹೊಯ್ದರೆ ಬಲ ಬರಲ್ಲ, ಭಾರ ಬರುತ್ತದೆ. ಹಾರ್ಡನರ್ ತಂಪು ಹೊತ್ತಿನಲ್ಲಿ ಕೆಜಿಗೆ 15 ಗ್ರಾಂ, ಬಿಸಿ ಮಧ್ಯಾಹ್ನ 10. ಅದಕ್ಕಿಂತ ಕೆಳಗೆ ಇಳಿಯಬೇಡಿ, ವಾರ ಕಳೆದರೂ ಹಸಿಹಸಿಯಾಗೇ ಇರುತ್ತದೆ. ನಾನು ತಂದದ್ದು ಕೋಬಾಲ್ಟ್ (ಗಟ್ಟಿಯಾಗುವುದನ್ನು ಚುರುಕು ಮಾಡುವ ದ್ರವ) ಬೆರೆಸಿದ ರೆಸಿನ್ನೇ. ಬೇರೆ ಬೇರೆ ತರುವವರು ಕೋಬಾಲ್ಟನ್ನು ರೆಸಿನ್‌ಗೆ ಪೂರ್ತಿ ಕಲಸಿದ ಮೇಲಷ್ಟೇ ಹಾರ್ಡನರ್ ಬಾಟಲಿ ಮುಟ್ಟಿ. ಎರಡೂ ನೇರ ಸೇರಿದರೆ ಸಿಡಿಯುತ್ತದೆ.

ಪುಟ್ಟಿ ಕೆಲಸ ಹೇಳಿ ಮುಗಿಯುವುದಿಲ್ಲ. ಅಂಗಡಿ ಪುಟ್ಟಿ ಭಾರ, ಬೆಲೆಯೂ ಹೆಚ್ಚು. ಮೊದಲ ಎರಡು ಸುತ್ತಿಗೆ ರೆಸಿನ್‌ಗೆ ಮೈಕ್ರೊಬಲೂನ್ (ಟೊಳ್ಳು ಗುಂಡುಗಳ ಹಗುರ) ಪುಡಿ ಮತ್ತು ಟಾಲ್ಕ್ ಬೆರೆಸಿ ನಾನೇ ಮಾಡಿಕೊಂಡೆ, ಟೂತ್‌ಪೇಸ್ಟಿನ ಹದಕ್ಕೆ. ಪ್ರಮಾಣ ಕೇಳಬೇಡಿ, ಅದಕ್ಕೆ ತುಂಬ ಡಬ್ಬ ಹಾಳಾಗಿವೆ. ಆಮೇಲೆ ಉದ್ದನೆಯ ಹಲಗೆಗೆ 80ರ ಎಮರಿ ಅಂಟಿಸಿ ಓರೆಯಾಗಿ ಉಜ್ಜುವುದು. ಸಣ್ಣ ಬ್ಲಾಕ್ ಹಿಡಿದರೆ ಅಲೆ ಅಲೆಯಾಗಿ ಉಳಿಯುತ್ತದೆ. ಕಪ್ಪು ಪುಡಿ ಒರೆಸಿ ತಗ್ಗು ಹುಡುಕುವುದು ಎಲ್ಲರೂ ಮಾಡುತ್ತಾರೆ. ನಾನು ರಾತ್ರಿ ಪ್ಯಾನಲ್ ಒದ್ದೆ ಮಾಡಿ ಟ್ಯೂಬ್‌ಲೈಟ್ ಪ್ರತಿಬಿಂಬ ನೋಡುತ್ತಿದ್ದೆ. ಬೆಳಕಿನ ಗೆರೆ ಎಲ್ಲಿ ಕುಲುಕುತ್ತದೋ ಅಲ್ಲಿ ಪೆನ್ಸಿಲ್ ಗುರುತು. ಬಾಡಿ ಖರ್ಚಿನಲ್ಲಿ ರೆಸಿನ್ ಮತ್ತು ಮ್ಯಾಟ್ ಎರಡೂ ಸೇರಿ ಅರ್ಧವೂ ಆಗಿಲ್ಲ, ಮಿಕ್ಕಿದ್ದು ಉಜ್ಜಿ ನೆಲಕ್ಕೆ ಬಿದ್ದ ಹುಡಿ. ಮೈ ತುರಿಕೆಗೆ ಬಿಸಿನೀರು ಹಾಕಿಕೊಳ್ಳಬೇಡಿ, ಮೊದಲು ತಣ್ಣೀರು.

ನಡುನಡುವೆ ಬೇರೆ ಆಟಗಳೂ ನಡೆದವು. ಅಗ್ಗ ಅಂತ ಥರ್ಮೋಕೋಲ್ ಪ್ಲಗ್ ಮೇಲೆ ಟೇಪ್ ಸುತ್ತಿ ನೋಡಿದೆ. ಸೂಜಿಮೊನೆಯಷ್ಟು ಜಾಗ ಬಿಟ್ಟರೂ ಪಾಲಿಯೆಸ್ಟರಿನಲ್ಲಿರುವ ಸ್ಟೈರೀನ್ ಎಂಬ ದ್ರಾವಕ ಒಳಗೆ ಹೋಗಿ ಕರಗಿಸಿ ಗುಹೆ ಮಾಡುತ್ತದೆ. ಎಪಾಕ್ಸಿ ಆದರೆ ಥರ್ಮೋಕೋಲ್ ಕರಗಲ್ಲ, ಆದರೆ ಆಗ ಅಗ್ಗ ಎಲ್ಲಿ ಬಂತು? ಸಾಮಾನ್ಯ ಮ್ಯಾಟಿನ ಬೈಂಡರ್ (ನಾರುಗಳನ್ನು ಹಿಡಿದಿಡುವ ಅಂಟು) ಎಪಾಕ್ಸಿಯಲ್ಲಿ ಕರಗದೆ ಬಿರುಸಾಗೇ ನಿಲ್ಲುವುದು ಇನ್ನೊಂದು ತಲೆನೋವು. ಡ್ಯಾಶ್ ಮೇಲಿನ ಕೌಲ್‌ಗೆ (ಹೊದಿಕೆಗೆ) ಫ್ಲೀಸ್ ಬಟ್ಟೆ ಎಳೆದು ಸ್ಟೇಪಲ್ ಹೊಡೆದು ರೆಸಿನ್ ಕುಡಿಸಿದೆ, ಅದ್ಭುತವಾಗಿ ಬಂತು. ಅದೇ ಹುರುಪಿನಲ್ಲಿ ಸೀಟಿನ ಹಿಂದಿನ ಎರಡು ಉಬ್ಬುಗಳಿಗೂ ಬಟ್ಟೆ ಎಳೆದೆ. ಎಳೆದ ಬಟ್ಟೆ ಕುದುರೆ ಜೀನಿನ ಆಕಾರವನ್ನಷ್ಟೇ ಕೊಡುತ್ತದೆ, ಉಬ್ಬು ಎಂದೂ ಕೊಡಲ್ಲ. ಕೊನೆಗೆ ಅವು ಫೋಮ್‌ನಲ್ಲೇ ಆದವು.

ಇನ್ನೊಂದು ತಮಾಷೆ ಆಂಟೆನಾದ್ದು. 1953ರ ಮೊದಲ ಕಾರ್ವೆಟ್ (ಅಮೆರಿಕದ ಸ್ಪೋರ್ಟ್ಸ್ ಕಾರು) ಬಾಡಿಯೂ ಫೈಬರ್ರೇ, ಅದರ ರೇಡಿಯೊ ಆಂಟೆನಾವನ್ನು ಡಿಕ್ಕಿ ಮುಚ್ಚಳದೊಳಗೇ ಹೂತಿದ್ದರು. ಹಾಗಾದರೆ ನನ್ನ ಡೆಕ್ಕಿನಲ್ಲೂ ಆಗಬೇಕಲ್ಲ ಅಂತ ಒಳಗಿನ ಮ್ಯಾಟ್ ಪದರದ ಕೆಳಗೆ ತಾಮ್ರದ ತಂತಿ ಮಲಗಿಸಿದೆ. ಎಫ್‌ಎಂ ಚೆನ್ನಾಗೇ ಹಿಡಿಯುತ್ತದೆ, ಹೊರಗೆ ಕಡ್ಡಿ ಇಲ್ಲ. ಅದೇ ಫೈಬರ್‌ನ ಇನ್ನೊಂದು ಮುಖ ಅರ್ತಿಂಗ್: ಅದರಲ್ಲಿ ಕರೆಂಟ್ ಹರಿಯಲ್ಲ, ಪ್ರತಿ ಲ್ಯಾಂಪಿಗೂ ಶೆಲ್ ತನಕ ಬೇರೆ ಅರ್ತ್ ವೈರ್ ಎಳೆಯದಿದ್ದರೆ ಇಂಡಿಕೇಟರ್ ಹಾಕಿದಾಗ ಬ್ರೇಕ್ ಲೈಟ್ ಮಿಣುಕುತ್ತದೆ.

ತೂಕದ ಬಗ್ಗೆ ಕೇಳುವವರಿಗೆ: ಮೂರೂವರೆ ಮಿಲಿ ಫೈಬರ್ ಚದರ ಮೀಟರಿಗೆ ಐದು ಕೆಜಿ ಚಿಲ್ಲರೆ, 0.8 ಮಿಲಿ ತಗಡು ಆರು ಚಿಲ್ಲರೆ. ಪುಟ್ಟಿ ಸೇರಿದ ಮೇಲೆ ಎರಡೂ ಒಂದೇ. ಹಗುರ ಮಾಡುತ್ತೇನೆ ಅಂತ ಈ ಕೆಲಸಕ್ಕೆ ಇಳಿಯಬೇಡಿ, ಬೇಕಾದ ಆಕಾರ ಬೇಕು ಅನ್ನುವುದಾದರೆ ಇಳಿಯಿರಿ.

ಪೇಂಟ್‌ಗೆ ಅವಸರ ಮಾಡಲಿಲ್ಲ. ಸರ್ಫೇಸರ್ ಬಣ್ಣದಲ್ಲೇ ತಿಂಗಳುಗಟ್ಟಲೆ ಬಿಸಿಲಲ್ಲಿ ಓಡಿಸಿದೆ, ನೋಡಿದವರು ಹಣ ಮುಗಿಯಿತಾ ಅಂತ ನಕ್ಕರು. ರೆಸಿನ್ ಕುಗ್ಗುವುದಿದ್ದರೆ ಆಗಲೇ ಕುಗ್ಗಲಿ ಅಂತ ನನ್ನ ಲೆಕ್ಕ. ಬಾನೆಟ್ ಅಡಿಯ ಬಿಗಿಪಟ್ಟಿಗಳ ಗುರುತು ಮೇಲೆ ಸಣ್ಣಗೆ ಎದ್ದು ಬಂದದ್ದು ಕೂಡ ಆಗಲೇ. ಪೇಂಟ್ ಆದ ಮೇಲೆ ಎದ್ದಿದ್ದರೆ ಏನು ಗತಿ? ಉಜ್ಜಿ ಸಮ ಮಾಡಿ, ತಿಳಿ ಬಣ್ಣ ಹೊಡೆಸಿದೆ. ಕಪ್ಪು ಬಣ್ಣ ಬಿಸಿಲಲ್ಲಿ ಕಾಯುವಷ್ಟಕ್ಕೆ ಸಾಮಾನ್ಯ ಪಾಲಿಯೆಸ್ಟರ್ ಮೆತ್ತಗಾಗುತ್ತದೆ, ಅದಕ್ಕೇ ಆ ಬಣ್ಣ ಬೇಡವೆಂದೆ. ಈಗ ಬಿಚ್ಚಿ ಹಾಕುವ ಹಾರ್ಡ್‌ಟಾಪ್ ಶುರು ಮಾಡಿದ್ದೇನೆ. ಫ್ಲ್ಯಾಂಜ್ ಅದೇ ಕ್ರಮ, ರಬ್ಬರ್ ಮಾತ್ರ ಆರು ಮಿಲಿಯದು.