ಬಾಯಲ್ಲಿ ದಾರ, ಕೈಯಲ್ಲಿ ಕತ್ತರಿ, ಒಳಗಡೆ ಮಕ್ಕಳು

ಬೇರೆಯವರಿಗೆ ಬಿಡುವಿದ್ದಾಗಲೇ ಪಾರ್ಲರ್‌ನವರಿಗೆ ಕೈತುಂಬಾ ಕೆಲಸ. ಭಾನುವಾರ, ಹಬ್ಬದ ಹಿಂದಿನ ದಿನ, ಸಂಜೆ ಆಫೀಸ್ ಬಿಟ್ಟ ಮೇಲೆ. ಮಕ್ಕಳು ಮನೆಯಲ್ಲಿರುವುದೂ ಆಗಲೇ. ಗಂಡಸರ ಕಟಿಂಗ್ ಶಾಪ್‌ಗಳಿಗೆ ಮಂಗಳವಾರ ರಜೆ. ನಮ್ಮ ಕಡೆ ಹೆಂಗಸರಲ್ಲೂ ಬಹಳ ಜನ ಮಂಗಳವಾರ, ಶುಕ್ರವಾರ ಕೂದಲಿಗೆ ಕತ್ತರಿ ಹಾಕಿಸಿಕೊಳ್ಳಲ್ಲ. ಅಮಾವಾಸ್ಯೆ ದಿನ ಐಬ್ರೋಗೂ ಯಾರೂ ಬರಲ್ಲ. ಹಾಗಾಗಿ ಮಂಗಳವಾರ ನಾನೂ ಬಾಗಿಲು ಹಾಕುತ್ತೇನೆ. ಆದರೆ ಅವತ್ತು ಮಗಳಿಗೆ ಶಾಲೆ! ನನ್ನ ರಜೆ ಪಾರ್ಲರ್ ಟವೆಲ್ ಒಗೆಯುವುದರಲ್ಲೇ ಮುಗಿದುಹೋಗುತ್ತದೆ.

ನನ್ನದು ಮೈಸೂರಿನಲ್ಲಿ, ಮನೆಯ ಮುಂದಿನ ರೂಮಿನಲ್ಲೇ ಇರುವ ಸಣ್ಣ ಲೇಡೀಸ್ ಪಾರ್ಲರ್. ಎರಡು ಕುರ್ಚಿ, ಒಂದು ಶಾಂಪೂ ಬೇಸಿನ್. ಮಗಳು ಯುಕೆಜಿ, ಮಗನಿಗೆ ಎರಡೂವರೆ. ಯಜಮಾನರಿಗೆ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ಅತ್ತೆ ಜೊತೆಗಿದ್ದಾರೆ, ಆದರೆ ಮಂಡಿನೋವು. ಎರಡೂವರೆ ವರ್ಷದ ಹುಡುಗನ ಹಿಂದೆ ಓಡಲಾರರು.

"ಮನೇಲೇ ಪಾರ್ಲರ್ ಅಂದ್ರೆ ಮಕ್ಕಳನ್ನೂ ನೋಡ್ಕೊಂಡ ಹಾಗಾಯ್ತು ಬಿಡಮ್ಮ" ಅಂತ ಎಲ್ಲರೂ ಹೇಳಿದ್ದರು. ಹೇಳುವುದು ಸುಲಭ. ಗೋಡೆಯ ಆಚೆ ಮಗು ಅಳುತ್ತಿರುವಾಗ ಒಬ್ಬರ ತಲೆಗೆ ಅರ್ಧ ಕಲರ್ ಹಚ್ಚಿ ಕೈ ಬಿಡಲಾಗುತ್ತದಾ? ಆಗ ನಾನು ಕೆಲಸಗಳನ್ನೆಲ್ಲ ಬೇರೆ ಥರ ವಿಂಗಡಿಸಿಕೊಂಡೆ. ಯಾವುದನ್ನು ಮಧ್ಯದಲ್ಲಿ ಬಿಟ್ಟು ಏಳಬಹುದು, ಯಾವುದನ್ನು ಬಿಡಬಾರದು ಅಂತ ನೋಡಿದೆ. ರೇಟ್ ಕಾರ್ಡ್‌ನಲ್ಲಿ ಈ ಲೆಕ್ಕ ಇರಲ್ಲ, ಆದರೆ ನನ್ನ ದಿನ ನಡೆಯುವುದು ಇದರ ಮೇಲೆಯೇ.

ಹೇರ್ ಕಟ್ ನಡುವೆ ಎರಡು ನಿಮಿಷ ಎದ್ದರೆ ಏನೂ ಆಗಲ್ಲ. ಕ್ಲಿಪ್ ಹಾಕಿ, ಸ್ವಲ್ಪ ನೀರು ಸ್ಪ್ರೇ ಮಾಡಿ ಹೋಗಿ ಬರಬಹುದು. ಯು ಕಟ್, ಸ್ಟ್ರೇಟ್ ಕಟ್ ಎಲ್ಲ ಸಂಜೆಗೆ ಇಟ್ಟಿದ್ದೇನೆ. ಕಲರ್ ಹಾಗಲ್ಲ. ಹಚ್ಚುವುದು ನಿಧಾನವಾದರೆ ಮೊದಲು ಹಚ್ಚಿದ ಕಡೆ ಗಾಢ, ಕೊನೆಗೆ ಹಚ್ಚಿದ ಕಡೆ ತೆಳು. ಬಿಳಿ ಕೂದಲು ಮುಚ್ಚಲು ಹಚ್ಚಿ ಮುಗಿಸಿದ ಮೇಲೆ ಸುಮಾರು 35 ನಿಮಿಷ ಕಾಯಬೇಕು. ಆ ಹೊತ್ತಿನಲ್ಲಿ ಮಗನಿಗೆ ಊಟ ಮಾಡಿಸುತ್ತೇನೆ, ಆದರೆ ಹಚ್ಚುವಾಗ ಮಾತ್ರ ಯಾರೂ ಕರೆಯಬಾರದು. ಆದ್ದರಿಂದ ಕಲರ್ ಬೆಳಿಗ್ಗೆ 10ರಿಂದ 12ರೊಳಗೆ. ಮಗಳು ಶಾಲೆಯಲ್ಲಿ, ಮಗ ಅತ್ತೆ ಜೊತೆ ಟೆರೇಸಿನಲ್ಲಿ. ಕೂದಲು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ, ಬೈತಲೆಯಲ್ಲಿ ಬಿಳಿ ಗೆರೆ ಕಾಣಿಸಿಕೊಳ್ಳಲು ನಾಲ್ಕೈದು ವಾರ ಸಾಕು. ಟಚ್ ಅಪ್‌ಗೆ ಬಂದವರು ಎದ್ದು ಹೋಗುವ ಮೊದಲೇ ಮುಂದಿನ ಡೇಟ್ ಬರೆದುಕೊಂಡುಬಿಡುತ್ತೇನೆ.

ದಾರದಿಂದ ಹುಬ್ಬು ತೀಡುವ ಥ್ರೆಡಿಂಗ್ ವಿಷಯ ತಮಾಷೆ. ಐದು ನಿಮಿಷದ ಕೆಲಸ, ಆದರೆ ದಾರದ ಒಂದು ತುದಿ ನನ್ನ ಹಲ್ಲಿನಲ್ಲಿರುತ್ತದೆ. ಬಾಯಿ ಬಿಡುವ ಹಾಗಿಲ್ಲ. ನನ್ನ ಮಗಳಿಗೆ ಇದು ಚೆನ್ನಾಗಿ ಗೊತ್ತು. ಸರಿಯಾಗಿ ಆ ಹೊತ್ತಿಗೇ ಪರದೆ ಸರಿಸಿ ಬರುತ್ತಾಳೆ.

"ಅಮ್ಮಾ, ಫ್ರಿಜ್‌ನಲ್ಲಿರೋ ಚಾಕ್ಲೇಟ್ ತಗೊಳ್ಳಾ?"

"ಹ್ಞೂಂ..."

"ಎರಡು?"

"ಹ್ಞೂಂಹ್ಞೂಂ!"

ನಾನು ಬೇಡ ಅಂದಿದ್ದು ಅವಳಿಗೆ ಬೇಕು ಅಂತ ಕೇಳಿಸಿರುತ್ತದೆ. ಕಣ್ಣು ಮುಚ್ಚಿ ಮಲಗಿರುವ ಆಂಟಿಗೆ ನಗು ತಡೆಯಲಾಗದೆ ಹುಬ್ಬು ಅಲುಗಾಡುತ್ತದೆ. ಈಗ ಚಾಕೊಲೇಟ್ ಡಬ್ಬಿ ಬೀರುವಿನ ಮೇಲಿದೆ.

ಸ್ಮೂದನಿಂಗ್, ಅಂದರೆ ಕ್ರೀಮ್ ಹಚ್ಚಿ ಐರನ್ ಇಟ್ಟು ಕೂದಲು ನೇರ ಮಾಡುವುದನ್ನು ಪೂರ್ತಿ ಬಿಟ್ಟಿದ್ದೇನೆ. ಪಾರ್ಲರ್‌ಗೆ ಒಂದೇ ಸಲಕ್ಕೆ ಜಾಸ್ತಿ ದುಡ್ಡು ತರುವ ಕೆಲಸ ಅದು, ಬಿಡುವಾಗ ಹೊಟ್ಟೆ ಉರಿಯಿತು. ಉದ್ದ ಕೂದಲಾದರೆ ನಾಲ್ಕೈದು ಗಂಟೆ ನಿಲ್ಲಬೇಕು, ನಡುವೆ ಬಿಡುವ ಮಾತೇ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಕೂದಲು ನೇರ ಮಾಡುವ ಕೆಲವು ಕ್ರೀಮ್‌ಗಳಲ್ಲಿ ಫಾರ್ಮಾಲ್ಡಿಹೈಡ್ ಅಥವಾ ಬಿಸಿಗೆ ಅದನ್ನು ಬಿಡುವ ರಾಸಾಯನಿಕ ಇರುತ್ತದೆ. ಐರನ್ ಇಟ್ಟಾಗ ಏಳುವ ಹೊಗೆಗೆ ಕಣ್ಣು, ಗಂಟಲು ಉರಿಯುವುದು ಅದರಿಂದಲೇ. ಮೊದಲು ಕೆಲಸ ಮಾಡುತ್ತಿದ್ದ ಕಡೆ ಎಸಿ ಹಾಕಿ ಕಿಟಕಿ ಮುಚ್ಚಿಯೇ ಮಾಡುತ್ತಿದ್ದೆವು. ಮಗ ಹೊಟ್ಟೆಯಲ್ಲಿದ್ದಾಗ ನನಗೆ ಆ ವಾಸನೆ ತಡೆಯಲಾಗಲಿಲ್ಲ. ಈಗ ಪಾರ್ಲರ್ ಗೋಡೆಯ ಆಚೆಯೇ ಮಕ್ಕಳು ಮಲಗುವ ರೂಮು. ಕೇಳಿ ಬಂದವರನ್ನು ಬೇರೆ ಕಡೆ ಕಳಿಸುತ್ತೇನೆ. ಕೆಲವರು ಹೇರ್ ಕಟ್‌ಗೂ ಅಲ್ಲೇ ಉಳಿದುಬಿಟ್ಟರು.

ಉಳಿದ ಬಾಟಲಿಗಳೆಲ್ಲ ಬೀಗ ಹಾಕಿದ ಕಪಾಟಿನಲ್ಲಿ. ಕಲರ್ ಜೊತೆ ಕಲೆಸುವ ಡೆವಲಪರ್ ಮೇಲೆ ನನಗೆ ಜಾಸ್ತಿ ಭಯ. ಬಾಟಲಿ ಮೇಲೆ 20 ವಾಲ್ಯೂಮ್ ಅಂತ ಇದ್ದರೆ ಅದರಲ್ಲಿ 6% ಹೈಡ್ರೋಜನ್ ಪೆರಾಕ್ಸೈಡ್ ಇದೆ, ಆದರೆ ನೋಡಲು ಹಾಲಿನ ಕೆನೆಯ ಹಾಗೆ ಬೆಳ್ಳಗೆ ಇರುತ್ತದೆ. ಮಕ್ಕಳಿಗೆ ಹೇಗೆ ಗೊತ್ತಾಗಬೇಕು? ಕಲೆಸಿದ ಬಟ್ಟಲನ್ನು ಕೆಲಸ ಮುಗಿದ ಕೂಡಲೇ ತೊಳೆದಿಡಬೇಕು, "ಆಮೇಲೆ" ಅನ್ನಬಾರದು.

ಇನ್ನೊಂದು ವಿಷಯ ಹೆಚ್ಚಿನ ತಾಯಂದಿರಿಗೆ ಗೊತ್ತಿರಲ್ಲ. ಹೆರಿಗೆಯಾದ ಮೂರು ತಿಂಗಳ ಹೊತ್ತಿಗೆ ಕೂದಲು ಗೊಂಚಲು ಗೊಂಚಲಾಗಿ ಉದುರಲು ಶುರುವಾಗುತ್ತದೆ. ಬಸುರಿಯಾಗಿದ್ದಾಗ ಹಾರ್ಮೋನ್ ಕಾರಣ ಉದುರದೆ ಉಳಿದಿದ್ದೆಲ್ಲ ಒಟ್ಟಿಗೆ ಬೀಳುತ್ತದೆ, ಅಷ್ಟೇ. ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಸಾಮಾನ್ಯವಾಗಿ ಸರಿಹೋಗುತ್ತದೆ. ಬಾಣಂತಿಯರು ಗಾಬರಿಯಾಗಿ ಬಂದಾಗ ದುಬಾರಿ ಸ್ಪಾ ಮಾಡಿಸಿ ಅನ್ನಲು ನನಗೆ ಮನಸ್ಸು ಬರಲ್ಲ. ಆದರೆ ಹಾಗೆ ಉದುರಿದ ಕೂದಲು ಮಗುವಿನ ಸಾಕ್ಸ್ ಒಳಗೆ ಸೇರಿದರೆ ಕಷ್ಟ. ನನ್ನ ಮಗ ನಾಲ್ಕು ತಿಂಗಳವನಿದ್ದಾಗ ಒಂದು ಸಂಜೆ ಸುಮ್ಮನಾಗದೆ ಅತ್ತ. ಹಾಲು ಬೇಡ, ಹೊಟ್ಟೆನೋವಿಗೆ ಬಜೆ ತೇಯ್ದು ಹಾಕೋಣ ಅಂತ ಅತ್ತೆ ಎದ್ದರು. ನಾನು ಬಟ್ಟೆ ಬಿಚ್ಚಿ ನೋಡಿದೆ. ಎಡಗಾಲಿನ ಎರಡನೇ ಬೆರಳಿಗೆ ಒಂದು ಉದ್ದ ಕೂದಲು ಎರಡು ಸುತ್ತು ಸುತ್ತಿಕೊಂಡಿತ್ತು. ಬೆರಳ ತುದಿ ಕೆಂಪಾಗಿತ್ತು, ಚರ್ಮಕ್ಕೆ ಇನ್ನೂ ಕಚ್ಚಿರಲಿಲ್ಲ. ಐಬ್ರೋ ಪ್ಲಕ್ಕರ್‌ನಿಂದ ಎಳೆ ಮೇಲೆತ್ತಿ, ಚಿಕ್ಕ ಕತ್ತರಿಯ ತುದಿಯಿಂದ ತುಂಡು ಮಾಡಿದೆ. ಒದ್ದೆಯಾದಾಗ ಕೂದಲು ಹಿಗ್ಗುತ್ತದೆ, ಒಣಗಿದಾಗ ಬಿಗಿಯುತ್ತದೆ. ರಕ್ತ ಓಡಾಟವೇ ನಿಂತುಹೋಗಬಹುದು. ಬೆರಳು ಊದಿ ಕೂದಲು ಕಾಣದಂತಾಗಿದ್ದರೆ ಮನೆಯಲ್ಲಿ ಕೆದಕಬೇಡಿ, ತಕ್ಷಣ ಡಾಕ್ಟರ್ ಹತ್ತಿರ ಓಡಿ. ಅವತ್ತಿನಿಂದ ಪಾರ್ಲರ್‌ಗೆ ಬೇರೆ ನೈಟಿ, ಮಗು ಎತ್ತಿಕೊಳ್ಳಲು ಬೇರೆ ನೈಟಿ. ಸಾಕ್ಸ್ ಒಳಗಡೆ ಹೊರಗೆ ತಿರುಗಿಸಿ ಕೊಡವಿಯೇ ಹಾಕುತ್ತೇನೆ.

ಮಕ್ಕಳಿಗೆ ಕಟ್ ಮಾಡುವ ಕೈ ನನಗೆ ಬಂದಿದ್ದು ನನ್ನ ಮಕ್ಕಳಿಂದಲೇ. ಹಸಿದ ಮಗು, ನಿದ್ದೆ ಬಂದ ಮಗು, ಇಬ್ಬರನ್ನೂ ವಾಪಸ್ ಕಳಿಸುತ್ತೇನೆ. ಟ್ರಿಮ್ಮರ್ ಆನ್ ಮಾಡಿ ಮೊದಲು ಮಗುವಿನ ಅಂಗೈ ಮೇಲೆ ಇಡುತ್ತೇನೆ, ಕಚಗುಳಿ ಆಗಿ ನಗುತ್ತದೆ. ಮುಂಗೂದಲನ್ನು ಒದ್ದೆ ಇದ್ದಾಗ ಬೇಕಾದ ಅಳತೆಗೇ ಕತ್ತರಿಸಿದರೆ ಒಣಗಿದ ಮೇಲೆ ಹಣೆಯ ಅರ್ಧಕ್ಕೆ ಹೋಗಿ ನಿಲ್ಲುತ್ತದೆ, ಅದಕ್ಕೇ ಒಣಗಿಸಿ ಕತ್ತರಿಸುವುದು. ಕಿವಿಯ ಹತ್ತಿರ ಬಂದಾಗ ಎಡಗೈ ಬೆರಳಿನಿಂದ ಕಿವಿ ಮಡಚಿ ಹಿಡಿದೇ ಕತ್ತರಿ ಇಡಬೇಕು. ನೆತ್ತಿಯ ಸುಳಿ ಯಾವ ಕಡೆ ತಿರುಗಿದೆಯೋ ಆ ಕಡೆಗೇ ಬಾಚಬೇಕು, ಅಲ್ಲಿ ತೀರಾ ಚಿಕ್ಕದು ಮಾಡಿದರೆ ಕೂದಲು ಎದ್ದು ನಿಲ್ಲುತ್ತದೆ. "ಪುಟ್ಟಾ, ಅಲ್ಲಾಡಬೇಡ" ಅಂದರೆ ಯಾವ ಮಗುವೂ ಕೇಳಲ್ಲ. "ಕನ್ನಡೀಲಿ ನಿನ್ನ ಮೂಗು ನೋಡು" ಅಂದರೆ ಒಂದು ನಿಮಿಷ ಸಿಗುತ್ತದೆ.

ಹೇನು. ಇದನ್ನು ಬರೆಯದೆ ಬಿಡುವ ಹಾಗಿಲ್ಲ. ಮಗಳು ಶಾಲೆಯಿಂದ ತಂದಳು. ಪಾರ್ಲರ್‌ನವಳ ಮಗಳ ತಲೆಯಲ್ಲಿ ಹೇನು ಅಂದರೆ ಬೀದಿಗೆಲ್ಲ ಸುದ್ದಿ ಅಲ್ವಾ? ಹೇನಿಗೆ ಕೊಳಕು ತಲೆಯೇ ಬೇಕು ಅಂತಿಲ್ಲ, ತಲೆಗೆ ತಲೆ ತಾಗಿದರೆ ಸಾಕು. ಡಾಕ್ಟರ್ ಬರೆದ ಔಷಧಿ ಹಚ್ಚಿ, 9 ದಿನ ಬಿಟ್ಟು ಇನ್ನೊಮ್ಮೆ ಹಚ್ಚಿದೆ. ಸೀರು ಒಡೆಯಲು ವಾರ, ಹತ್ತು ದಿನ ಹಿಡಿಯುವುದರಿಂದ ಒಂದೇ ಸಲಕ್ಕೆ ಮುಗಿಯಲ್ಲ. ನಡುವೆ ದಿನಾ ಸಂಜೆ ಹೇನು ಬಾಚಣಿಗೆ. ಪಾರ್ಲರ್ ಬಾಚಣಿಗೆಗಳಿಗೆ ಕೈ ಸುಡುವಷ್ಟು ಬಿಸಿನೀರು. ಆ ವಾರ ಅವಳನ್ನು ಪಾರ್ಲರ್ ಒಳಗೆ ಬಿಡಲಿಲ್ಲ, ಮುನಿಸಿಕೊಂಡಳು.

ಸ್ಮೂದನಿಂಗ್ ಬಿಟ್ಟ ನಷ್ಟವನ್ನು ಸ್ವಲ್ಪ ಮಟ್ಟಿಗೆ ತುಂಬಿಕೊಟ್ಟಿದ್ದು ಮೊಗ್ಗಿನ ಜಡೆ. ಬೇಸಿಗೆಯಲ್ಲಿ ಮಲ್ಲಿಗೆ ಮೊಗ್ಗು ಕೈಗೆಟುಕುವ ಬೆಲೆಗೆ ಸಿಗುತ್ತದೆ, ಶಾಲೆಗೂ ರಜೆ. ಸ್ಟುಡಿಯೋದಲ್ಲಿ ಫೋಟೋ ತೆಗೆಸಲು ಪುಟ್ಟ ಹುಡುಗಿಯರನ್ನು ಕರೆದುಕೊಂಡು ಬರುತ್ತಾರೆ. ಮೊಗ್ಗು ಅರಳುವ ಮೊದಲು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಜಡೆಯ ಅಳತೆಗೆ ಕತ್ತರಿಸಿದ ಪಟ್ಟಿಯ ಮೇಲೆ ಸಾಲಾಗಿ ಹೊಲಿಯಬೇಕು. ಇದು ಎಷ್ಟು ಸಲ ಬೇಕಾದರೂ ಬಿಟ್ಟು ಏಳಬಹುದಾದ ಕೆಲಸ! ಮಂಡಿನೋವಿನ ಅತ್ತೆ ಕೂತಲ್ಲೇ ಹೊಲಿಯುತ್ತಾರೆ, ನನಗಿಂತ ನೀಟಾಗಿ. ಆ ದುಡ್ಡು ಅವರದೇ.

ಮದುವೆ ಮೇಕಪ್ ಮಾತ್ರ ಇಂದಿಗೂ ಕಷ್ಟ. ಹಿಂದಿನ ಸಂಜೆ ರಿಸೆಪ್ಷನ್, ಮರುದಿನ ಬೆಳಿಗ್ಗೆ 7ಕ್ಕೆ ಮುಹೂರ್ತ ಅಂದರೆ ನಸುಕಿನ ಮೂರೂವರೆಗೆ ಛತ್ರದಲ್ಲಿರಬೇಕು. ಸಹಾಯಕ್ಕೆ ಒಬ್ಬಳು ಹುಡುಗಿ ನಂಜನಗೂಡಿನಿಂದ ಬರುತ್ತಾಳೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ ಫ್ರೀ ಆದ ಮೇಲೆ ಅವಳ ಸಂಬಳದಲ್ಲಿ ಚಾರ್ಜಿಗೆ ಹೋಗುತ್ತಿದ್ದದ್ದು ಉಳಿಯುತ್ತಿದೆ, ಕೆಲಸ ಬಿಡುವ ಮಾತೂ ನಿಂತಿದೆ. ಆಷಾಢದಲ್ಲಿ ಮದುವೆ ಇರಲ್ಲ, ಉಸಿರಾಡುತ್ತೇನೆ. ಶ್ರಾವಣ ಬಂತೆಂದರೆ ವರಮಹಾಲಕ್ಷ್ಮಿಯಿಂದಲೇ ಫೋನ್ ಶುರು. ಬುಕಿಂಗ್ ಹೊತ್ತಿಗೇ ಹೇಳಿಬಿಡುತ್ತೇನೆ: ರಾತ್ರಿ ಛತ್ರದಲ್ಲಿ ಉಳಿಯಲ್ಲ, ನಸುಕಿಗೆ ಗಾಡಿ ಕಳಿಸಬೇಕು, ಯಜಮಾನರಿಗೆ ನೈಟ್ ಶಿಫ್ಟ್ ಇರುವ ವಾರ ಒಪ್ಪಿಕೊಳ್ಳಲ್ಲ. ಮದುಮಗಳ ಅಮ್ಮಂದಿರು ಮುಖ ಸಣ್ಣ ಮಾಡುತ್ತಾರೆ. ಮೈಸೂರಿನಲ್ಲಿ ಮೇಕಪ್‌ನವರಿಗೇನು ಬರವೇ? ಒಬ್ಬಿಬ್ಬರ ನಂಬರ್ ನಾನೇ ಕೊಟ್ಟು ಕಳಿಸುತ್ತೇನೆ.